ಹುಲ್ಲುಹಾಸಿನ ಕಸುಬು: ಕೆಲಸ ತೋರಿಸಿದವರಿಗೆ ಎಷ್ಟು ಕೊಡಬೇಕು?

ಬೆಂಗಳೂರು, ಮೈಸೂರು ಮುಂತಾದ ನಗರಗಳ ಸುತ್ತಲಿನ ಹಳ್ಳಿಗಳಲ್ಲಿ ಹುಲ್ಲುಹಾಸು ಹಾಕುವ ಮತ್ತು ನೋಡಿಕೊಳ್ಳುವ ಕೆಲಸವನ್ನು ಉಪಕಸುಬಾಗಿ ಹಿಡಿಯುವ ತರುಣರು ಇದ್ದಾರೆ. ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗೆ ನಡೆಸುವ ತರಬೇತಿಯನ್ನು ಪಡೆದವರೂ ಇವರಲ್ಲಿ ಉಂಟು. ಹುಲ್ಲು ಬೆಳೆಸುವುದು ಇವರಿಗೆ ಕಷ್ಟವಲ್ಲ. ಕಷ್ಟವಿರುವುದು ಗಿರಾಕಿಯನ್ನು ಹುಡುಕುವುದರಲ್ಲಿ. ಊರಿನಿಂದ ಬಂದ ಹೊಸಬನನ್ನು ನಗರದಲ್ಲಿ ಯಾರೂ ಅರಿಯರು. ಆದ್ದರಿಂದ ನರ್ಸರಿಯವರು, ಕಟ್ಟಡದ ಮೇಸ್ತ್ರಿಗಳು, ಬೇರೆ ಮಾಲಿಗಳು ಕೆಲಸ ತೋರಿಸುತ್ತಾರೆ. ತೋರಿಸಿದ್ದಕ್ಕೆ ಕಮಿಷನ್ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಕೊಡುವುದೂ ತಪ್ಪಲ್ಲ. ಆದರೆ ಲೆಕ್ಕ ಹಾಕದೆ ಒಪ್ಪಿಕೊಂಡವನು ವರ್ಷವಿಡೀ ದುಡಿದೂ ಬರಿಗೈಯಲ್ಲಿ ಉಳಿಯುವ ಸಂಭವವುಂಟು.

ಸಾಮಾನ್ಯವಾಗಿ ಕೇಳುವುದು 'ಬಿಲ್ಲಿನ ಮೇಲೆ ನೂರಕ್ಕೆ ಹತ್ತು'. ಕೇಳಲು ಇದು ಅಲ್ಪವೆನಿಸುತ್ತದೆ. ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸಬಹುದು. ಇಲ್ಲಿಯ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಊರಿನ ಕೂಲಿ ಮತ್ತು ದರವನ್ನು ಹಾಕಿ ನೋಡಬೇಕು.

ಒಂದು ಮನೆಯ ಹುಲ್ಲುಹಾಸಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ ಗೊತ್ತಾಗಿದೆ ಎನ್ನೋಣ. ಒಂದು ಸಲ ಹೋಗಿ ಹುಲ್ಲು ಕತ್ತರಿಸಿ, ಅಂಚು ಸವರಿ, ಕಳೆ ತೆಗೆದು ಬರಲು ಕೂಲಿ, ಪೆಟ್ರೋಲು, ಯಂತ್ರದ ಸವೆತ ಸೇರಿ 600 ರೂಪಾಯಿ. ಗೊಬ್ಬರ ಮುಂತಾದುದಕ್ಕೆ ತಿಂಗಳಿಗೆ 300 ರೂಪಾಯಿ. ಹುಲ್ಲು ವರ್ಷವಿಡೀ ಒಂದೇ ಸಮನೆ ಬೆಳೆಯುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಳೆಯ ದಿನಗಳಲ್ಲಿ, ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಚಳಿಯಿಂದ ಬೆಳವಣಿಗೆ ಕುಗ್ಗಿ ತಿಂಗಳಿಗೆ ಎರಡು ಸಲ ಸಾಕು. ಉಳಿದ ನಾಲ್ಕು ತಿಂಗಳಲ್ಲಿ ಮೂರು ಸಲವೆಂದು ಹಿಡಿಯಬಹುದು. ಹೀಗೆ ಮಳೆಗಾಲದ ತಿಂಗಳಿನ ಉಳಿಕೆ 300 ರೂಪಾಯಿ, ಚಳಿಗಾಲದಲ್ಲಿ 1,500, ಉಳಿದ ತಿಂಗಳುಗಳಲ್ಲಿ 900. ವರ್ಷಕ್ಕೆ ಒಟ್ಟು ಉಳಿಕೆ 9,600 ರೂಪಾಯಿ, ಅಂದರೆ ತಿಂಗಳಿಗೆ ಸರಾಸರಿ 800.

ಈಗ ನೂರಕ್ಕೆ ಹತ್ತರಂತೆ ತಿಂಗಳಿಗೆ 300 ರೂಪಾಯಿ ಕಮಿಷನ್ ಕೊಟ್ಟರೆ ವರ್ಷಕ್ಕೆ 3,600 ಆಯಿತು. ಇದು ಬಿಲ್ಲಿನ ಹತ್ತನೆಯ ಒಂದು ಭಾಗವಾದರೂ ಉಳಿಕೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು! ಮಳೆಗಾಲದ ಐದು ತಿಂಗಳಂತೂ ಉಳಿಕೆ 300, ಕಮಿಷನ್ 300. ಬೆವರು ಸುರಿಸಿದವನಿಗೆ ಸೊನ್ನೆ. ಆದುದರಿಂದ ಕಮಿಷನ್ನನ್ನು ಬಿಲ್ಲಿನ ಮೇಲೆ ಅಲ್ಲ, ಉಳಿಕೆಯ ಮೇಲೆ ಗೊತ್ತುಮಾಡಬೇಕು. ತಿಂಗಳು ತಿಂಗಳೂ ಕೊಡುವ ಒಪ್ಪಂದಕ್ಕೆ ಒಳಗಾಗದೆ ಒಂದೇ ಬಾರಿಯ ಮೊತ್ತಕ್ಕೆ ಒಪ್ಪಿಸುವುದು ಲೇಸು. ಮೇಲಿನ ಉದಾಹರಣೆಯಲ್ಲಿ ಒಂದು ತಿಂಗಳ ಸರಾಸರಿ ಉಳಿಕೆಯಾದ 800 ರೂಪಾಯಿ ನ್ಯಾಯವಾದ ಮೊತ್ತ. ಅದರಲ್ಲಿ ಅರ್ಧವನ್ನು ಎರಡನೆಯ ತಿಂಗಳ ಹಣ ಕೈಸೇರಿದ ಮೇಲೆ, ಉಳಿದರ್ಧವನ್ನು ಆರು ತಿಂಗಳು ತುಂಬಿದ ಮೇಲೆ ಕೊಡಬೇಕು. ಜೂನ್‌ನಲ್ಲಿ ಹಿಡಿದ ಕೆಲಸವು ಅಕ್ಟೋಬರ್‌ನಲ್ಲಿ ಬಿಟ್ಟುಹೋದರೆ ಚಳಿಗಾಲದ ಲಾಭ ಕೈಗೆ ಸಿಗುವುದೇ ಇಲ್ಲವಾದ್ದರಿಂದ ಈ ಎರಡು ಕಂತಿನ ಏರ್ಪಾಡು ಅಗತ್ಯ.

ಕೆಲವರು ಕೆಲಸ ಸಿಗಲಿ ಬಿಡಲಿ, ಹೆಸರು ವಿಳಾಸ ಕೊಟ್ಟಿದ್ದಕ್ಕೇ ತಲಾ 100 ರೂಪಾಯಿ ಕೇಳುವುದುಂಟು. ಹತ್ತು ವಿಳಾಸಗಳಲ್ಲಿ ಎರಡು ಫಲಿಸಿದರೆ ಒಂದು ಕೆಲಸಕ್ಕೆ 500 ರೂಪಾಯಿ ಬಿದ್ದಂತಾಗಿ ಅಗ್ಗವೇ ಆಯಿತು. ಒಂದೇ ಫಲಿಸಿದರೆ 1,000. ಒಂದೂ ಫಲಿಸದಿದ್ದರೆ ಕೊಟ್ಟದ್ದು ಹೋಯಿತು, ಹತ್ತು ಕಡೆ ಅಲೆದ ಪೆಟ್ರೋಲೂ ಹೋಯಿತು. ಕೆಲಸವಾದ ಮೇಲೆ ಹಣ ಎಂದಾಗ ತೋರಿಸುವವನೇ ಕಾಳು ಜೊಳ್ಳು ಬೇರ್ಪಡಿಸಿ ಕಳುಹಿಸುತ್ತಾನೆ. ಮೊದಲೇ ಹಣ ಎಂದಾಗ ಆ ಗೊಡವೆ ಅವನಿಗಿಲ್ಲ. ಒಬ್ಬನು ತೋರಿಸಿದ ವಿಳಾಸಗಳು ಎಷ್ಟರಮಟ್ಟಿಗೆ ಫಲಿಸುತ್ತವೆಂದು ಅನುಭವದಿಂದ ತಿಳಿಯುವವರೆಗೆ ಈ ಬಗೆಯ ಒಪ್ಪಂದ ಬೇಡ.

ತೋರಿಸಿದ ಕೆಲಸವನ್ನೆಲ್ಲ ಒಪ್ಪಿಕೊಳ್ಳಬೇಕೆಂಬ ನಿಯಮವಿಲ್ಲ. ಕಮಿಷನ್ ಮಾತಿಗೆ ಮುನ್ನ ಜಾಗವನ್ನು ಕಣ್ಣಾರೆ ನೋಡಬೇಕು. ಎತ್ತರದ ಕಟ್ಟಡಗಳ ಮಧ್ಯೆ ಬಿಸಿಲು ಕಾಣದ ನೆಲದಲ್ಲಿ ಗರಿಕೆ ಜಾತಿಯ ಹುಲ್ಲು ತೆಳುವಾಗಿ ಪಾಚಿ ಕಟ್ಟುತ್ತದೆ; ಅಂಥಲ್ಲಿ ನೆರಳನ್ನು ಸಹಿಸುವ ಅಗಲ ಎಲೆಯ ಬಫೆಲೊ ಹುಲ್ಲೇ ಆಗಬೇಕು, ಇಲ್ಲವೆ ಹುಲ್ಲಿನ ಮಾತೇ ಬೇಡ. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸತಕ್ಕದ್ದು. ಎಲ್ಲಕ್ಕಿಂತ ದೊಡ್ಡ ಶತ್ರು ಜೇಕು. ಲಾರಿಯಲ್ಲಿ ತರಿಸಿದ ಕೆಮ್ಮಣ್ಣಿನೊಂದಿಗೆ ಇದರ ಗೆಡ್ಡೆ ಬಂದು ಸೇರುತ್ತದೆ. ಮೇಲಿನ ಎಲೆಯನ್ನು ಕಿತ್ತರೆ ಗೆಡ್ಡೆ ಮತ್ತೆ ಚಿಗುರುತ್ತದೆ. ಹುಲ್ಲು ಹಾಕುವ ಮುನ್ನ ನೆಲಕ್ಕೆ ನೀರು ಕೊಟ್ಟು, ಜೇಕು ಮೊಳೆತ ಮೇಲೆ ಗೆಡ್ಡೆ ಸಮೇತ ಅಗೆದು ತೆಗೆದು, ಹೀಗೆ ಎರಡು ಮೂರು ಸಲ ಮಾಡಿದರೆ ಮಾತ್ರ ಹತೋಟಿಗೆ ಬರುತ್ತದೆ. ಬೇರೆಯವರು ಹಾಕಿ ಕೈಬಿಟ್ಟ, ಜೇಕು ತುಂಬಿದ ಹಾಸಿನ ನಿರ್ವಹಣೆಗೆ ಪ್ರತಿ ಸಲವೂ ಕಳೆಗಾಗಿಯೇ ಅರ್ಧ ಆಳು ಹೆಚ್ಚು ಬೇಕು. ಅಂಥ ಕೆಲಸದಲ್ಲಿ ಉಳಿಕೆಯೇ ಇಲ್ಲ, ಕಮಿಷನ್ ಎಲ್ಲಿಂದ ಬಂದೀತು? ಕೊಟ್ಟದ್ದನ್ನು ಸರಿದೂಗಿಸಲು ಕೊಟ್ಟಿಗೆ ಗೊಬ್ಬರ ಕಡಿಮೆ ಮಾಡುವವರಿದ್ದಾರೆ. ಹುಲ್ಲು ಹಳದಿಯಾಗಿ, ಗಿರಾಕಿ ಬೇರೆಯವರನ್ನು ಕರೆಸುತ್ತಾನೆ.

ಯಾರಿಗೆ ಕೊಡಬೇಕೆಂಬುದೂ ವಿಚಾರಮಾಡತಕ್ಕದ್ದೇ. ನರ್ಸರಿಯವರು ಕೆಲಸ ತೋರಿಸಿದರೆ ಹುಲ್ಲಿನ ಹಲ್ಲೆಗಳನ್ನು ಅವರಲ್ಲಿಯೇ ಕೊಂಡರೆ ಆಯಿತು. ಅವರ ಲಾಭ ಅದರಲ್ಲಿಯೇ ಇದೆ. ಹಲ್ಲೆಗೆ ಹೆಚ್ಚು ದರ ಹಾಕಿ ಮೇಲೆ ಕಮಿಷನ್ನನ್ನೂ ಕೇಳಿದರೆ ಒಪ್ಪಬಾರದು. ಹಳೆಯ ಗಿರಾಕಿ ಪಕ್ಕದ ಮನೆಯವರಿಗೆ ಹೇಳಿದ್ದಕ್ಕೆ ನೋಟು ಕೊಡಹೋದರೆ ಅವರಿಗೆ ಮುಜುಗರವಾಗಬಹುದು. ಒಂದು ಸಲ ಬಿಟ್ಟಿಯಾಗಿ ಹಾಸಿಗೆ ಮರಳು ಗೊಬ್ಬರ ಹರಡಿಕೊಟ್ಟರೆ ಸಂತೋಷಪಡುತ್ತಾರೆ. ವಸತಿ ಸಮುಚ್ಚಯದ ಕಾವಲುಗಾರ ಅಥವಾ ಮೇಲ್ವಿಚಾರಕ ಸಂಘದ ಸಂಬಳ ತಿನ್ನುವವನು. ಸಂಘಕ್ಕೆ ತಿಳಿಯದಂತೆ ಅವನಿಗೆ ಹಣ ಕೊಟ್ಟದ್ದು ಹೊರಬಿದ್ದರೆ ಅವನ ನೌಕರಿಯೂ ಹೋದೀತು, ಗುತ್ತಿಗೆಯೂ ಹೋದೀತು. ಸರ್ಕಾರಿ ಉದ್ಯಾನಗಳ ಕೆಲಸಕ್ಕಂತೂ ಟೆಂಡರ್ ಹಾದಿಯೇ ಹಾದಿ. ಅಲ್ಲಿಯ ನೌಕರನಿಗೆ ಕೆಲಸಕ್ಕಾಗಿ ಕೊಡುವುದು ಕಮಿಷನ್ ಅಲ್ಲ, ಲಂಚ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೊಟ್ಟವನೂ ನೇರವಾಗಿ ಅಪರಾಧಿ.

ಜಗಳಗಳು ಬಹುಪಾಲು ಬಾಯಿಮಾತಿನಿಂದ ಹುಟ್ಟುತ್ತವೆ. ಒಂದೇ ಮನೆಯನ್ನು ಮೇಸ್ತ್ರಿಯೂ ತೋರಿಸಿದೆನೆನ್ನುತ್ತಾನೆ, ಮಾಲಿಯೂ ತೋರಿಸಿದೆನೆನ್ನುತ್ತಾನೆ. ಒಂದು ನೋಟ್‌ಬುಕ್ಕಿನಲ್ಲಿ ತೋರಿಸಿದವರ ಹೆಸರು, ತಾರೀಖು, ಜಾಗ, ನೋಡಿ ಬಂದ ದಿನ, ಒಪ್ಪಿದ ಮೊತ್ತ, ಕೊಟ್ಟ ಕಂತು ಇವುಗಳನ್ನು ಬರೆದಿಟ್ಟರೆ ಮೊದಲು ತಿಳಿಸಿದವನಿಗೆ ಹಣ ಎಂದು ಧೈರ್ಯವಾಗಿ ಹೇಳಬಹುದು. ಹಣವನ್ನು ಫೋನಿನ ಮೂಲಕ ಕಳುಹಿಸಿದರೆ ಅದೇ ರಸೀದಿಯಾಗುತ್ತದೆ. ಎಷ್ಟು ಕಾಲ ಕೊಡಬೇಕೆಂಬುದನ್ನೂ ಮೊದಲೇ ತಿಳಿಸಿರಬೇಕು. ಇಬ್ಬರು ಆಳು, ಒಂದು ಯಂತ್ರದಿಂದ ದಿನಕ್ಕೆ ನಾಲ್ಕು ಮನೆಯಂತೆ ವಾರದ ಆರು ದಿನಕ್ಕೆ ಇಪ್ಪತ್ನಾಲ್ಕು ಮನೆ ಮಾಡಬಹುದಾದರೆ, ಮಳೆಗಾಲದಲ್ಲಿ ಅದೇ ಮಿತಿ. ಇಪ್ಪತ್ತು ಮನೆ ತುಂಬಿದ ಕೂಡಲೇ, ಹೊಸ ಯಂತ್ರ ಕೊಳ್ಳುವ ತನಕ, ಇನ್ನು ಮುಂದೆ ಕಮಿಷನ್ ಇಲ್ಲವೆಂದು ಎಲ್ಲರಿಗೂ ತಿಳಿಸಿಬಿಡಬೇಕು.