ಮೊದಲ ಸ್ಕೂಟರ್ ಕೊಳ್ಳುವ ಮುನ್ನ

ಶೋರೂಂ ಮುಂದಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಎಕ್ಸ್ ಶೋರೂಂ ಬೆಲೆ. ಅಷ್ಟೇ ದುಡ್ಡಿಗೆ ಗಾಡಿ ಮನೆಗೆ ಬರುವುದಿಲ್ಲ. ರಸ್ತೆ ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ, ಅದನ್ನು ಒಟ್ಟಿಗೇ ಕಟ್ಟಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಹೊರೆ ಕೊಂಚ ತಗ್ಗಿದೆ, ನಿಜ. ಆದರೂ ಕೊಟೇಷನ್ ಬರೆಸಿಕೊಳ್ಳದೆ ಅಡ್ವಾನ್ಸ್ ಕೊಡಬೇಡಿ. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಆಕ್ಸೆಸರೀಸ್’ ಎಂಬ ಸಾಲು ಕಂಡರೆ ಯಾತಕ್ಕೆಂದು ಕೇಳಿ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಐಎಸ್‌ಐ ಮುದ್ರೆಯ ಹೆಲ್ಮೆಟ್‌ನ ದುಡ್ಡನ್ನು ಬಜೆಟ್‌ನಲ್ಲಿ ಮೊದಲೇ ಎತ್ತಿಡಿ.

ಹೊಸದೋ, ಹಳೆಯದೋ?

ಈಗಷ್ಟೇ ಕಲಿಯುತ್ತಿರುವವರಿಗೆ ನನ್ನ ಸಲಹೆ: ಸೆಕೆಂಡ್ ಹ್ಯಾಂಡ್ 110 ಸಿಸಿ ಗಾಡಿ. ಕಲಿಯುವಾಗ ಗೇಟಿಗೆ ಉಜ್ಜುವುದು, ನಿಂತಲ್ಲೇ ವಾಲಿ ಬೀಳುವುದು ಇದ್ದದ್ದೇ. ಅದಕ್ಕೆ ಹೊಸ ಪೇಂಟ್ ಯಾಕೆ? ಆಕ್ಟಿವಾ, ಜುಪಿಟರ್‌ನಂಥವುಗಳ ಸ್ಪೇರ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಸಾಧ್ಯವಾದರೆ 2019ರ ಏಪ್ರಿಲ್ ನಂತರ ತಯಾರಾದದ್ದನ್ನೇ ಹುಡುಕಿ. ಅವುಗಳಲ್ಲಿ ಕಂಬೈನ್ಡ್ ಬ್ರೇಕ್ ಇರುತ್ತದೆ. ಎಡಗೈ ಬ್ರೇಕ್ ಒತ್ತಿದರೆ ಹಿಂದಿನದರ ಜೊತೆ ಮುಂದಿನ ಚಕ್ರಕ್ಕೂ ಹಿಡಿತ ಸಿಗುತ್ತದೆ, ಗಾಬರಿಯಲ್ಲಿ ಒಂದೇ ಬ್ರೇಕ್ ಹಿಡಿಯುವ ಹೊಸಬರಿಗೆ ಇದು ದೊಡ್ಡ ಅನುಕೂಲ.

ಕೂತು ನೋಡಿ

ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ತುದಿಗಾಲಲ್ಲಿ ನಿಲ್ಲುವಂತಾದರೆ ಆ ಗಾಡಿ ಎಷ್ಟೇ ಚೆಂದವಿರಲಿ, ನಿಮ್ಮದಲ್ಲ. ಸ್ಕೂಟರ್‌ಗಳ ತೂಕ ಸಾಮಾನ್ಯವಾಗಿ ನೂರು ಕೆ.ಜಿ. ಆಸುಪಾಸು. ಡಬಲ್ ಸ್ಟ್ಯಾಂಡ್ ಹಾಕಿ ತೋರಿಸಲು ಶೋರೂಂ ಹುಡುಗ ಓಡಿಬರುತ್ತಾನೆ, ಬೇಡ ಎನ್ನಿ. ನೀವೇ ಹಾಕಿ, ನೀವೇ ಇಳಿಸಿ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಮೈಲೇಜ್, ಪಿಕಪ್ ಚರ್ಚೆ ಆಮೇಲೆ.

ಹಳೆ ಗಾಡಿಯ ನಾಡಿ

ಬೆಳಿಗ್ಗೆ ಹೋಗಿ. ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿರಿ. ಹೋದ ಕೂಡಲೇ ಎಂಜಿನ್ ಹತ್ತಿರ ಕೈ ತಂದು ನೋಡಿ. ಬಿಸಿಯಿದ್ದರೆ ಮಾರುವವರು ಏನನ್ನೋ ಮುಚ್ಚುತ್ತಿರಬಹುದು. ತಣ್ಣಗಿರುವ ಎಂಜಿನ್ ಸೆಲ್ಫ್‌ನಲ್ಲಿ ಸಲೀಸಾಗಿ ಹತ್ತಬೇಕು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದೇ ಅರ್ಥ, ವಾಪಸ್ ಬನ್ನಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂಬದಿ ಒತ್ತಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಎಲ್ಲೋ ಕಚ್ಚಿದಂತಾದರೆ ಕೋನ್ ಸೆಟ್ ಸವೆದಿದೆ. ಇದು ಗಾಡಿ ಬಿಡುವ ಕಾರಣವಲ್ಲ, ಬೆಲೆ ಇಳಿಸುವ ಕಾರಣ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ ಟೈರ್. ಮೀಟರ್‌ನಲ್ಲಿ ಐದು ಸಾವಿರ ಕಿ.ಮೀ., ಟೈರ್ ಮಾತ್ರ ಬೋಳು ಎಂದಾದರೆ ಮೀಟರ್ ನಂಬಬೇಡಿ. ನೂರಿನ್ನೂರು ಕೊಟ್ಟು ಗೊತ್ತಿರುವ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ಎಲೆಕ್ಟ್ರಿಕ್ ಬೇಕೆನ್ನುವವರು ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿದ್ದರೆ ಯೋಚಿಸಿ. ಹಳೆಯದನ್ನು ಕೊಳ್ಳುವುದಾದರೆ ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ ಎಂಬುದೇ ಮುಖ್ಯ ಪ್ರಶ್ನೆ. ಗಂಟೆಗೆ 25 ಕಿ.ಮೀ. ಮೀರದ 250 ವ್ಯಾಟ್ ಗಾಡಿಗಳಿಗೆ ಡಿಎಲ್, ನೋಂದಣಿ ಬೇಡ. ರಿಂಗ್ ರೋಡಿಗೆ ಮಾತ್ರ ಅವು ಲಾಯಕ್ಕಲ್ಲ.

ಕಾಗದಪತ್ರ

ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿನವುಗಳ ಜೊತೆ ತಾಳೆ ನೋಡಿ. ಸಾಲದ ಮೇಲೆ ತೆಗೆದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ದುಡ್ಡು ಕೊಡಬೇಡಿ. ಬಾಕಿ ದಂಡವನ್ನು ಮಾರುವವರ ಎದುರೇ ಆನ್‌ಲೈನ್‌ನಲ್ಲಿ ನೋಡಿ, ಅವರಿಂದಲೇ ಕಟ್ಟಿಸಿ. ಫಾರಂ 29, 30ಕ್ಕೆ ಸಹಿ ಪಡೆದು ಆರ್‌ಟಿಒದಲ್ಲಿ ಹೆಸರು ಬದಲಾಯಿಸಿಕೊಳ್ಳಿ.

ನಿಮ್ಮ ಎಲ್‌ಎಲ್‌ಗೆ 6 ತಿಂಗಳ ಆಯುಷ್ಯ. 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಸ್ಕೂಟರ್‌ನಲ್ಲಿ ಟೆಸ್ಟ್ ಕೊಟ್ಟರೆ ಗೇರ್ ಬೈಕ್ ಓಡಿಸಲು ಅನುಮತಿ ಸಿಗುವುದಿಲ್ಲ, ನೆನಪಿರಲಿ. ಇನ್ನು ವಿಮೆ: ಗಾಡಿ ಕೊಂಡ 14 ದಿನದೊಳಗೆ ಪಾಲಿಸಿಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ಹೆಸರಲ್ಲೇ ಇರುವ ಪಾಲಿಸಿ ಹಿಡಿದು ಹೋದರೆ, ನಿಮ್ಮ ಗಾಡಿಯ ರಿಪೇರಿ ಖರ್ಚನ್ನು ಕಂಪನಿ ತಿರಸ್ಕರಿಸಬಹುದು.