ಅಮ್ಮನ ತಟ್ಟೆ ಬೇರೆ ಇಡಬೇಡಿ

ಪ್ರಶ್ನೆ: ಕಣ್ಣಿನ ಪೊರೆ ಆಪರೇಷನ್‌ಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ 58 ವರ್ಷದ ಅಮ್ಮನಿಗೆ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. 1992ರಲ್ಲಿ ನಾನು ಹುಟ್ಟಿದಾಗ ಅವರಿಗೆ ರಕ್ತ ಕೊಟ್ಟಿದ್ದರಂತೆ. ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ. ಇದು ವಾಸಿಯಾಗುತ್ತದೆಯೇ?

ಉತ್ತರ: ಮೊದಲು ಆ ತಟ್ಟೆ, ಲೋಟವನ್ನು ಉಳಿದವುಗಳ ಜೊತೆ ಸೇರಿಸಿಬಿಡಿ. ಈ ವೈರಸ್ ಹರಡುವುದು ರಕ್ತದಿಂದ. ಒಟ್ಟಿಗೆ ಉಂಡರೆ ಬರುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್, ನೇಲ್ ಕಟರ್ ಮಾತ್ರ ಅವರದು ಅವರಿಗೇ ಇರಲಿ. ಆ ಕಾಲದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಿರಲಿಲ್ಲ, ಸೋಂಕು ಆಗಲೇ ತಗುಲಿರಬಹುದು. ದಶಕಗಟ್ಟಲೆ ಸುಳಿವೇ ಕೊಡದೆ ಯಕೃತ್ತನ್ನು ಕೆಡಿಸುವುದು ಇದರ ಸ್ವಭಾವ.

ಮಾಮೂಲಿಯಾಗಿ ಮೊದಲು ಮಾಡುವುದು ಪ್ರತಿಕಾಯದ ಪರೀಕ್ಷೆ. ವೈರಸ್ ತಾನಾಗಿಯೇ ತೊಲಗಿದ್ದರೂ ಅದು ಪಾಸಿಟಿವ್ ಬರುತ್ತದೆ. ಆದ್ದರಿಂದ ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ಅದರಲ್ಲಿ ವೈರಸ್ ಕಂಡರೂ ಕಂಗೆಡಬೇಡಿ. ಸೊಫೊಸ್‌ಬುವಿರ್, ಡಕ್ಲಾಟಾಸ್‌ವಿರ್ ಮಾತ್ರೆಗಳನ್ನು ದಿನಕ್ಕೊಮ್ಮೆ 12 ವಾರ ತಪ್ಪದೆ ನುಂಗಿದರೆ ನೂರರಲ್ಲಿ ಸುಮಾರು 95 ಮಂದಿಗೆ ವಾಸಿಯಾಗುತ್ತದೆ. ಸಿರೋಸಿಸ್ ಆಗಿದ್ದರೆ ಚಿಕಿತ್ಸೆಯ ಕ್ರಮ ಬದಲಾಗಬಹುದು. ಶುರು ಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹೃದಯಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಮಾತ್ರೆ ಮುಗಿದು 12 ವಾರವಾದ ಮೇಲೂ ಆರ್‌ಎನ್‌ಎ ನೆಗೆಟಿವ್ ಬಂದರೆ ಗೆದ್ದಂತೆ.

ಲಿವರ್ ತೊಂದರೆ ಎಂದರೆ ಸಾಕು, ನಾಟಿ ಔಷಧದ ವಿಳಾಸ ಹೇಳುವವರು ನಮ್ಮಲ್ಲಿ ಊರಿಗೆ ಹತ್ತು ಜನ. ಅವರ ಮಾತು ಬೇಡ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನೀವೂ, ನಿಮ್ಮ ನಂತರ ಹುಟ್ಟಿದ ತಮ್ಮ ತಂಗಿಯರಿದ್ದರೆ ಅವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.