ಟಿಕೇಟು ತಪ್ಪಿದ ಉಮೇದುವಾರನ ಬೆಂಬಲಿಗರು: ಒಂದು ಅಭ್ಯಾಸ

ಚುನಾವಣೆಯ ಕಾಲದಲ್ಲಿ ನಮ್ಮ ಕಮಲನಗರದ ಚಹದಂಗಡಿಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಯಾರಾದರೊಬ್ಬ ಮುಖಂಡರಿಗೆ ಪಕ್ಷದ ಟಿಕೇಟು ತಪ್ಪಿತೆಂದರೆ ಸಾಕು, “ಅವರ ಮಂದಿಯ ಮತ ಈಗ ಎತ್ತ?” ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಚರ್ಚೆ ಆರಂಭವಾಗುತ್ತದೆ. ಮತಗಳೆಂದರೆ ಜೋಳದ ಚೀಲಗಳು, ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬಹುದು ಎಂಬಂತೆ ಲೆಕ್ಕ ಹಾಕುವವರೇ ಹೆಚ್ಚು. ಈ ಲೆಕ್ಕ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಆರಿಸಿಕೊಳ್ಳಲು ನನ್ನ ಮನೆಯೇ ಕಾರಣವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಂದೆ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ನಡೆದ ಒಂದು ಚುನಾವಣೆಯಲ್ಲಿ ತಂದೆಯವರು ಒಬ್ಬ ಮುಖಂಡರಿಗಾಗಿ ಕೂಲಿ ಬಿಟ್ಟು ಊರೂರು ತಿರುಗಿದರು. ನಮ್ಮ ಕಾಕಾ ಅದೇ ಪಕ್ಷದ ಇನ್ನೊಬ್ಬ ಆಕಾಂಕ್ಷಿಯ ಕಡೆಗಿದ್ದರು. ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟಿಕೇಟು ಕಾಕಾ ಹೇಳಿದವರಿಗೇ ದೊರೆಯಿತು. ಆ ಹೊತ್ತಿನಲ್ಲಿ ತಂದೆಯವರ ಮನಸ್ಸಿನಲ್ಲಿ ಏನು ನಡೆದಿತ್ತೆಂಬುದನ್ನು ತಿಳಿಯುವ ಕುತೂಹಲ ನನಗೆ ಅಂದಿನಿಂದಲೂ ಇದೆ.

ಅಮೆರಿಕದ ಪದ್ಧತಿಯೂ ನಮ್ಮದೂ

ಅಮೆರಿಕದಲ್ಲಿ ಪಕ್ಷದ ಉಮೇದುವಾರನನ್ನು ‘ಪ್ರೈಮರಿ’ ಎಂಬ ಪೂರ್ವ ಚುನಾವಣೆಯ ಮೂಲಕ ಮತದಾರರೇ ಆರಿಸುತ್ತಾರೆ. ಅಲ್ಲಿ ಸೋತವರ ಬೆಂಬಲಿಗರು ಮುಂದೆ ಯಾರಿಗೆ ಮತ ಕೊಟ್ಟರೆಂಬುದನ್ನು ವಿದ್ವಾಂಸರು ಸಮೀಕ್ಷೆ ಮಾಡಿ ನೋಡಿದ್ದಾರೆ. 2016ರಲ್ಲಿ ಬರ್ನಿ ಸ್ಯಾಂಡರ್ಸರಿಗೆ ಪ್ರೈಮರಿಯಲ್ಲಿ ಮತ ಕೊಟ್ಟವರ ಪೈಕಿ ನೂರಕ್ಕೆ ಸುಮಾರು 12 ಮಂದಿ ಸಾರ್ವತ್ರಿಕ ಚುನಾವಣೆಯಲ್ಲಿ ಎದುರು ಪಕ್ಷದ ಟ್ರಂಪರಿಗೆ ಮತ ಕೊಟ್ಟರೆಂದು ಒಂದು ದೊಡ್ಡ ಸಮೀಕ್ಷೆಯಿಂದ ತಿಳಿದುಬಂದಿತು. ಅಂದರೆ ಬಹುಮಂದಿ ತಮ್ಮ ಪಕ್ಷದಲ್ಲಿಯೇ ಉಳಿದರು, ಕೆಲವರು ದಾಟಿದರು.

ನಮ್ಮಲ್ಲಿ ಟಿಕೇಟು ಮೇಲಿನಿಂದ ಬರುತ್ತದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳು ಅದರಲ್ಲಿ ಸೇರಿದ್ದವು. ಆದರೆ ಅಲ್ಲಿ ಮತ ಕೊಟ್ಟವರು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳೇ ಹೊರತು ಸಾಮಾನ್ಯ ಮತದಾರರಲ್ಲ. ಹೀಗೆ ಆಯ್ಕೆಯಾದ ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಇಬ್ಬರೂ ಸಾರ್ವತ್ರಿಕ ಚುನಾವಣೆಯಲ್ಲಿ ಸೋತರು. ಆದ್ದರಿಂದ ನಮ್ಮ ನಾಡಿನಲ್ಲಿ ‘ಪ್ರೈಮರಿಯಲ್ಲಿ ಸೋತವನು’ ಎಂಬುದಕ್ಕೆ ಸಮೀಪವಾದ ಮಾತು ‘ಟಿಕೇಟು ತಪ್ಪಿದವನು’ ಎಂಬುದೇ.

ಬೆಂಬಲಿಗರೊಡನೆ ಹೊರಬಂದವರು

ಮೊದಲು ನಮ್ಮ ಜಿಲ್ಲಾ ಕೇಂದ್ರದ ಉದಾಹರಣೆಯನ್ನು ತೆಗೆದುಕೊಳ್ಳೋಣ. 2018ರಲ್ಲಿ ಬೀದರ ವಿಧಾನಸಭಾ ಕ್ಷೇತ್ರದಿಂದ ಸೂರ್ಯಕಾಂತ ನಾಗಮಾರಪಳ್ಳಿಯವರು ಭಾರತೀಯ ಜನತಾ ಪಕ್ಷದ ಉಮೇದುವಾರರಾಗಿ ಸುಮಾರು 63 ಸಾವಿರ ಮತ ಪಡೆದರು. ಕಾಂಗ್ರೆಸ್ಸಿನ ರಹೀಮ್ ಖಾನರೆದುರು ಸುಮಾರು 10 ಸಾವಿರ ಮತಗಳಿಂದ ಸೋತರು. 2023ರಲ್ಲಿ ಪಕ್ಷವು ಈಶ್ವರಸಿಂಗ ಠಾಕೂರರಿಗೆ ಟಿಕೇಟು ಕೊಟ್ಟಿತು. ನಾಗಮಾರಪಳ್ಳಿಯವರು ಜಾತ್ಯತೀತ ಜನತಾದಳದಿಂದ ನಿಂತರು. ಫಲಿತಾಂಶ ಬಂದಾಗ ಅವರಿಗೆ 58 ಸಾವಿರಕ್ಕೂ ಮೇಲೆ ಮತ ಬಿದ್ದಿದ್ದವು. ಅವರ ಹಳೆಯ ಪಕ್ಷ ಬಹು ದೂರದ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಇಲ್ಲಿ ಬೆಂಬಲಿಗರಲ್ಲಿ ಬಹುಮಂದಿ ವ್ಯಕ್ತಿಯ ಹಿಂದೆಯೇ ನಡೆದಂತೆ ತೋರುತ್ತದೆ. ಆದರೂ ಗೆದ್ದವರು ರಹೀಮ್ ಖಾನರೇ, ಅಂತರವೂ ಹೆಚ್ಚುಕಡಿಮೆ ಮೊದಲಿನಷ್ಟೇ.

ಎಲ್ಲ ಕಡೆಯೂ ಹೀಗೆಯೇ ಆಗುವುದೆಂದು ತಿಳಿಯಬಾರದು. ಅದೇ 2023ರಲ್ಲಿ ಅದೇ ಪಕ್ಷದ ಟಿಕೇಟು ತಪ್ಪಿದ ಇಬ್ಬರು ಹಿರಿಯ ನಾಯಕರು ಕಾಂಗ್ರೆಸ್ ಸೇರಿ ಕಣಕ್ಕಿಳಿದರು. ಅಥಣಿಯಲ್ಲಿ ಲಕ್ಷ್ಮಣ ಸವದಿಯವರು 75 ಸಾವಿರಕ್ಕೂ ಮೀರಿದ ಅಂತರದಿಂದ ಗೆದ್ದರು. ಹುಬ್ಬಳ್ಳಿ-ಧಾರವಾಡ ಕೇಂದ್ರ ಕ್ಷೇತ್ರದಲ್ಲಿ ಜಗದೀಶ ಶೆಟ್ಟರರು 30 ಸಾವಿರಕ್ಕೂ ಮೀರಿದ ಅಂತರದಿಂದ ಸೋತರು. ಶೆಟ್ಟರರು ಮುಖ್ಯಮಂತ್ರಿಯಾಗಿದ್ದವರು, 1994ರಿಂದ ಸತತವಾಗಿ ಆರು ಸಲ ವಿಧಾನಸಭೆಗೆ ಗೆದ್ದವರು. ಅಷ್ಟು ವರ್ಷ ಅವರಿಗೆ ಬಿದ್ದ ಮತಗಳಲ್ಲಿ ವ್ಯಕ್ತಿಯವೆಷ್ಟು, ಪಕ್ಷದವೆಷ್ಟು ಎಂಬುದು ಅವರು ಪಕ್ಷ ಬಿಟ್ಟ ದಿನದವರೆಗೆ ಯಾರಿಗೂ ಕಾಣುವಂತಿರಲಿಲ್ಲ. ಹಾಲಿನಲ್ಲಿ ನೀರು ಬೆರೆತಿರುವಾಗ ಎರಡನ್ನೂ ಬೇರೆಮಾಡಿ ಅಳೆಯುವುದೆಂತು? ಟಿಕೇಟು ತಪ್ಪುವುದೇ ಆ ಅಳತೆಗೆ ಅವಕಾಶ ಕೊಡುತ್ತದೆ.

ಒಳಗೇ ಉಳಿದ ಅಸಮಾಧಾನ

ಇನ್ನು ನಮ್ಮ ಊರಿಗೆ ಹತ್ತಿರದ ಪ್ರಸಂಗ. ಕಮಲನಗರವು ಔರಾದ ವಿಧಾನಸಭಾ ಕ್ಷೇತ್ರಕ್ಕೂ ಬೀದರ ಲೋಕಸಭಾ ಕ್ಷೇತ್ರಕ್ಕೂ ಸೇರಿದೆ. 2024ರಲ್ಲಿ ಆಗಿನ ಸಂಸದ ಭಗವಂತ ಖೂಬಾ ಅವರಿಗೆ ಮತ್ತೆ ಟಿಕೇಟು ಕೊಡಬಾರದೆಂದು ಅವರದೇ ಪಕ್ಷದ ಔರಾದ ಶಾಸಕ ಪ್ರಭು ಚವ್ಹಾಣರು ಬಹಿರಂಗವಾಗಿ ವಿರೋಧಿಸಿದರು. ಟಿಕೇಟು ಖೂಬಾ ಅವರಿಗೇ ದೊರೆಯಿತು. ವಿರೋಧಿಸಿದವರು ಪಕ್ಷ ಬಿಡಲಿಲ್ಲ, ಬೇರೆ ಉಮೇದುವಾರನನ್ನು ನಿಲ್ಲಿಸಲೂ ಇಲ್ಲ. 2019ರಲ್ಲಿ ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದಿದ್ದ ಖೂಬಾ ಅವರು ಈ ಸಲ ಕಾಂಗ್ರೆಸ್ಸಿನ ಸಾಗರ ಖಂಡ್ರೆಯವರೆದುರು 1,28,875 ಮತಗಳಿಂದ ಸೋತರು. ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದನ್ನು ಹಿಂದಿನ ವರ್ಷವಷ್ಟೇ ಅವರ ಪಕ್ಷವು ಗೆದ್ದಿತ್ತು.

ಹಾಗಾದರೆ ಒಳಜಗಳವೇ ಸೋಲಿಗೆ ಕಾರಣವೆಂದು ಬರೆದುಬಿಡಬಹುದೇ? ಅವಸರ ಬೇಡ. ಎರಡು ಅವಧಿಯ ಸಂಸದರ ಬಗೆಗಿನ ಬೇಸರ, ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳು, ಎದುರು ಉಮೇದುವಾರನ ಮನೆತನದ ಬಲ, ಇವೆಲ್ಲ ಒಟ್ಟಿಗೆ ಕೆಲಸ ಮಾಡಿರಬಹುದು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಒಂದು ಮತಗಟ್ಟೆಯಲ್ಲಿ 100 ಮತಗಳು ಬಿದ್ದವೆಂದು ಕಲ್ಪಿಸಿಕೊಳ್ಳೋಣ. ಹಿಂದಿನ ಸಲ ಒಂದು ಪಕ್ಷಕ್ಕೆ 60, ಇನ್ನೊಂದಕ್ಕೆ 40; ಈ ಸಲ ಅದು ತಿರುಗುಮುರುಗಾಗಿದೆ. 20 ಮಂದಿ ದಾಟಿದರೆಂದು ನಾವು ಥಟ್ಟನೆ ಹೇಳುತ್ತೇವೆ. ಆದರೆ 30 ಮಂದಿ ಆ ಕಡೆಗೆ ಹೋಗಿ 10 ಮಂದಿ ಈ ಕಡೆಗೆ ಬಂದಿದ್ದರೂ ಮೊತ್ತ ಅಷ್ಟೇ. ಹಳಬರು ಇಪ್ಪತ್ತು ಮಂದಿ ಮನೆಯಲ್ಲಿಯೇ ಕುಳಿತು, ಹೊಸದಾಗಿ ಹೆಸರು ಸೇರಿದ ತರುಣರು ಇಪ್ಪತ್ತು ಮಂದಿ ಬಂದು ಎದುರು ಪಕ್ಷಕ್ಕೆ ಮತ ಕೊಟ್ಟಿದ್ದರೂ ಮೊತ್ತ ಅಷ್ಟೇ. ಒಟ್ಟು ಮೊತ್ತವನ್ನು ನೋಡಿ ಒಬ್ಬೊಬ್ಬನ ಮನಸ್ಸನ್ನು ಓದಲಾಗದು. ಮೇಲೆ ನಾನು ‘ತೋರುತ್ತದೆ’ ಎಂಬ ಮಾತನ್ನು ಬಳಸಿದ್ದು ಈ ಕಾರಣದಿಂದಲೇ.

ಬೆಂಬಲಿಗರ ಬಗೆಗಳು

ಇಷ್ಟನ್ನು ನೋಡಿದ ಮೇಲೆ ಟಿಕೇಟು ತಪ್ಪಿದವರ ಬೆಂಬಲಿಗರಲ್ಲಿ ಮೂರು ಬಗೆಯವರಿದ್ದಾರೆಂದು ನನಗೆ ತೋರುತ್ತದೆ. ಮೊದಲನೆಯವರು ಪಕ್ಷವನ್ನು ನಂಬಿದವರು; ನಾಲ್ಕು ದಿನ ಗೊಣಗಿ ಮತ್ತೆ ಅದೇ ಚಿಹ್ನೆಗೆ ಮತ ಕೊಡುತ್ತಾರೆ. ಎರಡನೆಯವರು ವ್ಯಕ್ತಿಯನ್ನು ನಂಬಿದವರು. ಅವನು ಕಣದಲ್ಲಿದ್ದರೆ ಅವನೊಡನೆ ಹೋಗುತ್ತಾರೆ, ಇಲ್ಲದಿದ್ದರೆ ಅವನ ಕಣ್ಸನ್ನೆಗಾಗಿ ಕಾಯುತ್ತಾರೆ. ಮೂರನೆಯವರು ಅಪಮಾನಗೊಂಡವರು, ಇವರು ಮತಗಟ್ಟೆಗೇ ಹೋಗದಿರಬಹುದು, ಅಥವಾ ಸಿಟ್ಟಿನಿಂದ ಎದುರಾಳಿಯ ಗುಂಡಿ ಒತ್ತಬಹುದು. ಯಾವ ಕ್ಷೇತ್ರದಲ್ಲಿ ಯಾರು ಹೆಚ್ಚೆಂಬುದರ ಮೇಲೆ ಫಲಿತಾಂಶ ನಿಂತಿದೆ. ಮುಖಂಡರು ಮೊದಲ ಇಬ್ಬರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಮೂರನೆಯವನನ್ನು ಕೇಳುವವರಿಲ್ಲ.

ನಮ್ಮ ಮನೆಯ ಕಥೆಯೂ ಅದೇ. ಟಿಕೇಟು ತಪ್ಪಿದ ವಾರದೊಳಗೆ ತಂದೆಯವರ ಮುಖಂಡರು ಪಕ್ಷದ ಉಮೇದುವಾರರೊಡನೆ ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡರು. ತಂದೆಯವರಿಗೆ ಒಂದು ಮಾತನ್ನೂ ಹೇಳಿ ಕಳುಹಿಸಲಿಲ್ಲ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದರೂ ಅಂದಿನಿಂದ ಹಬ್ಬಕ್ಕೆ ಹೋಳಿಗೆ ಆ ಕಡೆಗೆ ಹೋಗಿಲ್ಲ, ಈ ಕಡೆಗೆ ಬಂದಿಲ್ಲ.

ಈ ಲೇಖನ ಬರೆಯಲು ಕುಳಿತಾಗ, “ಅಪ್ಪಾ, ಆಗ ನೀ ಯಾರಿಗಿ ಓಟು ಹಾಕ್ದಿ?” ಎಂದು ಧೈರ್ಯಮಾಡಿ ಕೇಳಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಕೇಳಬಾರದು ಅಂತ ನಿಮ್ಮ ಪುಸ್ತಕದಾಗ ಬರ್ದಿಲ್ಲೇನು?” ಎಂದರು. ಆಮೇಲೆ ತಾವಾಗಿಯೇ, “ಅವರು ಮ್ಯಾಲ ಕೂಡ್ಯಾರ, ನಾವು ಕೆಳಗ ಒಡದೀವಿ. ಇಷ್ಟು ಬರಕೊ” ಎಂದರು.

ನಾನು ಅಷ್ಟನ್ನೇ ಬರೆದುಕೊಂಡಿದ್ದೇನೆ. ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಈಗಾಗಲೇ ಮತದಾರರು. ಕೆಲವರು ನಾಳೆ ಒಬ್ಬ ಮುಖಂಡರ ಹಿಂದೆ ಊರೂರು ತಿರುಗಲೂಬಹುದು. ತಿರುಗುವುದು ತಪ್ಪಲ್ಲ. ಆದರೆ ಟಿಕೇಟಿನ ಜಗಳ ಒಂದು ವಾರದ್ದು, ನೆರೆಮನೆಯ ಗೋಡೆ ಜನ್ಮದ್ದು ಎಂಬುದನ್ನು ಮರೆಯದಿರೋಣ. ಈ ಸಲ ಯುಗಾದಿಗೆ ಹೋಳಿಗೆಯ ತಟ್ಟೆ ಹಿಡಿದು ಕಾಕಾನ ಮನೆಗೆ ನಾನೇ ಹೋಗಬೇಕೆಂದಿದ್ದೇನೆ.